ಕಾರಿನ ಸೀಟಿನೊಳಗೆ ನಮ್ಮ ತೆಂಗಿನ ನಾರಿಗೆ ಜಾಗ ಉಂಟೇ?

ಕಳೆದ ಮಳೆಗಾಲದಲ್ಲಿ ನಮ್ಮ ಹಳೇ ಜೀಪಿನ ಸೀಟು ಹರಿಯಿತು. ರೆಕ್ಸಿನು ಬದಲಿಸಿಕೊಳ್ಳೋಣ ಎಂದು ಸೀಟನ್ನೇ ಬಿಚ್ಚಿ ಕುಶನ್ ಅಂಗಡಿಗೆ ಕೊಂಡುಹೋದೆ. ಅಂಗಡಿಯವರು ಹೊಲಿಗೆ ಕತ್ತರಿಸಿ ರೆಕ್ಸಿನು ಎಳೆದಾಗ ಕಂದು ಬಣ್ಣದ ಹುಡಿ ಉದುರಿತು. ಒಳಗೆ ಹಕ್ಕಿ ಗೂಡಿನ ಹಾಗೆ ಹೆಣೆದುಕೊಂಡಿದ್ದ ದಪ್ಪ ಹಾಳೆ. ಕೈಯಲ್ಲಿ ಒತ್ತಿದರೆ ಈಗಲೂ ಪುಟಿಯುತ್ತಿತ್ತು.

"ಇದು ಎಂತ, ನಮ್ಮ ತೆಂಗಿನ ಸಿಪ್ಪೆಯ ನಾರಲ್ವಾ?"

"ಹೌದು ಮಾರಾಯ್ರೆ. ಮೊದಲು ಜೀಪು, ಬಸ್ಸು ಎಲ್ಲದಕ್ಕೂ ಇದೇ. ಈಗ ಯಾರೂ ಕೇಳುವವರಿಲ್ಲ. ಫೋಮು ಹಾಕಿಬಿಡುವ, ಆಗದಾ?"

ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದೇ ವಾರ ಶಂಕರಪುರದಿಂದ ಅಕ್ಕನ ಫೋನು ಬಂತು. ಅವಳ ಮಗ ಹದಿನಾಲ್ಕು ವರ್ಷ ಕೊಲ್ಲಿ ರಾಷ್ಟ್ರದಲ್ಲಿ ದುಡಿದು ಊರಿಗೆ ಬಂದವ. ಯಂತ್ರ ಮಾರುವ ಒಬ್ಬರು ಅವನ ತಲೆಗೆ ಒಂದು ವಿಷಯ ತುಂಬಿದ್ದಾರೆ. ಕಾರು ಕಂಪೆನಿಗಳು ಪ್ಲಾಸ್ಟಿಕ್ ಬಿಟ್ಟು ಸಸ್ಯದ ನಾರಿಗೆ ಬರುತ್ತಿವೆ, ಬಾಗಿಲಿನ ಒಳಹೊದಿಕೆ, ಸೀಟು, ನೆಲಹಾಸು ಎಲ್ಲ ಇನ್ನು ನಾರಿನದ್ದೇ, ಈಗ ನಾರು ಬಿಡಿಸುವ ಯಂತ್ರ ಹಾಕಿದವ ಬಚಾವು ಎಂದು. ಹುಡುಗ ಇಪ್ಪತ್ತೆಂಟು ಲಕ್ಷದ ಸಾಲಕ್ಕೆ ಕಾಗದ ಸಿದ್ಧ ಮಾಡಿಕೊಂಡಿದ್ದ. ಅಡವು ಯಾವುದು? ಮನೆ ಮತ್ತು ಮಲ್ಲಿಗೆ ಗಿಡಗಳಿರುವ ನಲವತ್ತು ಸೆಂಟ್ಸು ಜಾಗ.

"ನೀನೊಮ್ಮೆ ವಿಚಾರಿಸಿ ಹೇಳು. ನೀನು ಹೇಳಿದರೆ ಅವ ಕೇಳಿಯಾನು" ಎಂದಳು ಅಕ್ಕ.

ಹೀಗೆ ವಿಚಾರಿಸುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾರು, ಸಿಪ್ಪೆ ಇರುವವರು ನಾವೆಲ್ಲ. ನಾಳೆ ನಿಮ್ಮ ಜಗಲಿಗೂ ಇಂಥ ಒಬ್ಬರು ಬಂದು ಕೂತಾರು.

ಮಣಿಪಾಲಕ್ಕೆ ಗೊತ್ತಿದ್ದ ವಿದ್ಯೆ

ಮೊದಲಿಗೆ, ಸೀಟಿನೊಳಗೆ ನಾರು ಹೊಸ ಸಂಗತಿಯೇ ಅಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್, ಆಮೆಯಂಥ ಆ ಪುಟ್ಟ ಕಾರು, ಅದರ ಸೀಟಿನ ಸ್ಪ್ರಿಂಗಿನ ಮೇಲೆ ಹಾಸುತ್ತಿದ್ದುದು ತೆಂಗಿನ ನಾರಿನ ಮೆತ್ತೆ. ನಮ್ಮ ಕಣ್ಣೆದುರೇ ಇರುವ ಉದಾಹರಣೆ ಇನ್ನೊಂದು. ಮಣಿಪಾಲದ ಪೈ ಕುಟುಂಬದ ಸಮೂಹ 1962ರಲ್ಲಿ ಕಟ್ಟಿದ ಕಂಪೆನಿಯೇ ಮುಂದೆ ಕರ್ಲ್-ಆನ್ ಎಂಬ ಹೆಸರಿನಿಂದ ದೇಶಕ್ಕೆಲ್ಲ ಗೊತ್ತಾದದ್ದು. ಅದರ ಬಂಡವಾಳ ಎಂದರೆ ರಬ್ಬರು ಸೇರಿಸಿದ ನಾರಿನ ಹಾಸಿಗೆ. ನಮ್ಮ ಜೀಪಿನ ಸೀಟಿನೊಳಗಿದ್ದದ್ದೂ ಅದೇ ಜಾತಿಯ ವಸ್ತು.

ಅದನ್ನು ಮಾಡುವ ಕ್ರಮ ಸ್ವಾರಸ್ಯದ್ದು. ಬಿಡಿಸಿದ ನಾರನ್ನು ಮೊದಲು ಬಿಗಿಯಾಗಿ ಹುರಿಮಾಡಿ ಹಗ್ಗ ಮಾಡುತ್ತಾರೆ. ಆ ಹಗ್ಗಕ್ಕೆ ಹಬೆ ಕೊಟ್ಟು ಸ್ವಲ್ಪ ಕಾಲ ಹಾಗೇ ಬಿಟ್ಟು, ಆಮೇಲೆ ಪುನಃ ಬಿಚ್ಚುತ್ತಾರೆ. ಅಷ್ಟರಲ್ಲಿ ನಾರು ಗುಂಗುರು ಕೂದಲಿನ ಹಾಗೆ ಸುರುಳಿ ಹಿಡಿದಿರುತ್ತದೆ. ಒಂದೊಂದು ಎಳೆಯೂ ಒಂದು ಸಣ್ಣ ಸ್ಪ್ರಿಂಗು. ಅದನ್ನು ಹಾಳೆಯಾಗಿ ಹರಡಿ, ಮೇಲಿನಿಂದ ರಬ್ಬರು ಹಾಲು ಸಿಂಪಡಿಸಿ, ಬೇಕಾದ ದಪ್ಪಕ್ಕೆ ಪದರ ಪೇರಿಸಿ ಒತ್ತಿ, ಬಿಸಿಯಲ್ಲಿ ಬೇಯಿಸಿದರೆ ಮುಗಿಯಿತು. ನಾರು ಕರಾವಳಿಯದ್ದು, ರಬ್ಬರು ಕಾರ್ಕಳ, ಬೆಳ್ತಂಗಡಿ, ಸುಳ್ಯದ ಗುಡ್ಡದ್ದು. ಇಷ್ಟು ಚೆನ್ನಾಗಿ ನಮ್ಮ ನಮ್ಮ ತೋಟದ ಎರಡು ವಸ್ತು ಕೂಡಿ ಬರುವ ಕೈಗಾರಿಕೆ ಬೇರೆ ಯಾವುದು ಉಂಟು? ಇಂಥ ಹಾಳೆಗೆ ಭಾರತೀಯ ಮಾನಕ ಸಂಸ್ಥೆಯ ಗುಣಮಟ್ಟದ ನಿಯಮವೂ ಇದೆ: ಐ.ಎಸ್. 8391.

ಹಾಗಾದರೆ ಕಾರಿನಿಂದ ಅದು ಇಳಿದದ್ದು ಏಕೆ? ಕುಶನ್ ಅಂಗಡಿಯವರು ಎರಡು ಮಾತಿನಲ್ಲಿ ಹೇಳಿದರು: "ಫೋಮಿಗೆ ಅಚ್ಚು ಸಾಕು. ನಾರಿಗೆ ಆಳು ಬೇಕು." ಪಾಲಿಯುರೆಥೇನ್ ಫೋಮು ಎಂದರೆ ಪೆಟ್ರೋಲಿಯಂ ಮೂಲದ ಎರಡು ದ್ರವಗಳನ್ನು ಅಚ್ಚಿಗೆ ಸುರಿದು ಉಬ್ಬಿಸುವುದು. ಇಡ್ಲಿ ಹಿಟ್ಟಿನ ಹಾಗೆ. ಕೆಲವೇ ನಿಮಿಷಗಳಲ್ಲಿ ಸೀಟಿನ ಏರು ತಗ್ಗು ಎಲ್ಲ ಸೇರಿ ಒಂದೇ ತುಂಡಾಗಿ ಹೊರಬರುತ್ತದೆ. ಸಾವಿರನೇ ತುಂಡೂ ಮೊದಲನೆಯದರ ಹಾಗೆಯೇ ಇರುತ್ತದೆ. ಹಗುರ, ಹುಡಿ ಉದುರುವುದಿಲ್ಲ. ನಾರಿನದ್ದು ಹಾಗಲ್ಲ. ಹಾಳೆಯನ್ನು ಕತ್ತರಿಸಬೇಕು, ಅಂಟಿಸಬೇಕು. ಮಾಗಿದ ಕಾಯಿಯ ನಾರು ಒಂದು ತರ, ಎಳೆಯದ್ದು ಇನ್ನೊಂದು ತರ. ಒದ್ದೆಯಾದರೆ ವಾಸನೆ. ವರ್ಷಗಟ್ಟಲೆ ಕೂತ ಜಾಗ ತಗ್ಗು ಬೀಳುತ್ತದೆ. ಗಾಳಿಯಾಡುತ್ತದೆ, ಬೆವರು ಹಿಡಿಯುವುದಿಲ್ಲ ಎಂಬ ದೊಡ್ಡ ಗುಣ ನಾರಿಗೆ ಇತ್ತು. ಆದರೆ ಕಾರಿಗೆ ಎ.ಸಿ. ಬಂದ ಮೇಲೆ ಆ ಗುಣಕ್ಕೆ ಬೆಲೆ ಕೊಡುವವರು ಕಡಿಮೆಯಾದರು.

ಇದರ ಇನ್ನೊಂದು ಕೊನೆಯನ್ನೂ ಹೇಳಬೇಕು. 2023ರಲ್ಲಿ ಕರ್ಲ್-ಆನ್ ಕಂಪೆನಿಯ ಸುಮಾರು 95 ಶೇಕಡಾ ಪಾಲನ್ನು ಶೀಲಾ ಫೋಮ್ ಎಂಬ ಕಂಪೆನಿ ಕೊಂಡಿತು. ಲೆಕ್ಕ ಎರಡು ಸಾವಿರ ಕೋಟಿ ರೂಪಾಯಿಗಿಂತ ಮೇಲೆ. ಕೊಂಡವರ ಹೆಸರಿನಲ್ಲೇ ಫೋಮ್ ಇದೆ, ನೋಡಿ.

ನಾರನ್ನು ಕಾರು ಕಂಪೆನಿ ಕೊಳ್ಳುವುದೇ ಇಲ್ಲ

ಅಕ್ಕನ ಮಗ ನನ್ನೆದುರು ಒಂದು ಬಣ್ಣದ ಕಾಗದ ಹರಡಿದ. ಅದರಲ್ಲಿ ದೊಡ್ಡ ದೊಡ್ಡ ಕಾರಿನ ಚಿತ್ರ, ಕೆಳಗೆ ತೆಂಗಿನ ಮರ. "ಮಾವ, ಭಾರತದಲ್ಲಿ ವರ್ಷಕ್ಕೆ ನಲವತ್ತು ಲಕ್ಷ ಕಾರು ಮಾರಾಟ ಆಗ್ತದೆ. ಒಂದೊಂದಕ್ಕೆ ಸ್ವಲ್ಪ ನಾರು ಹೋದರೂ ಸಾಕಲ್ಲ?"

ಕಾರಿನ ಲೆಕ್ಕ ಸರಿಯೇ. 2024–25ರಲ್ಲಿ ದೇಶದೊಳಗೆ ಮಾರಾಟವಾದ ಪ್ರಯಾಣಿಕ ವಾಹನಗಳು ಸುಮಾರು 43 ಲಕ್ಷ. ಆದರೆ ಆ 43 ಲಕ್ಷದ ಪೈಕಿ ಒಂದು ಕಂಪೆನಿಯೂ ನಾರಿನ ಮೂಟೆ ಕೊಳ್ಳುವುದಿಲ್ಲ. ಅವರು ಕೊಳ್ಳುವುದು ಪೂರ್ತಿ ಸೀಟು, ಪೂರ್ತಿ ಬಾಗಿಲಿನ ಒಳಹೊದಿಕೆ. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆಯ ಬಳಿಯೇ ಸೀಟು, ಒಳಾಂಗಣ ಮಾಡುವ ಅದರ ಬಳಗದ ಟೊಯೊಟಾ ಬೊಶೊಕು ಕಾರ್ಖಾನೆ ಇದೆ. ಅಲ್ಲಿಂದ ಸೀಟು ತಯಾರಾಗಿ ಹೊತ್ತಿಗೆ ಸರಿಯಾಗಿ ಕಾರಿನ ಸಾಲಿಗೆ ಹೋಗಬೇಕು. ಸೀಟು ಮಾಡುವವರು ಮೆತ್ತೆಯನ್ನು ಇನ್ನೊಬ್ಬರಿಂದ ತರಿಸಬಹುದು. ಹೊದಿಕೆ ಒತ್ತುವವರಿಗೆ ಕಂಬಳಿಯಂಥ ಫೆಲ್ಟು ಕೊಡುವವರು ಮತ್ತೊಬ್ಬರು. ಫೆಲ್ಟಿನವರಿಗೆ ನಾರು ಕೊಡುವವರು ಅದರ ಹಿಂದಿನವರು. ನಮ್ಮ ಹುಡುಗ ಆ ಸಾಲಿನ ಕಟ್ಟಕಡೆಗೆ ನಿಲ್ಲಬೇಕಾದವ. ಪ್ರತಿ ಮೆಟ್ಟಿಲಿನಲ್ಲೂ ದರ ಹಿಂಡಿ ಹಿಂಡಿ ಬಂದು ಅವನ ಹತ್ತಿರ ತಲುಪುವಾಗ ಎಷ್ಟು ಉಳಿದೀತು?

ಶಂಕರಪುರದವನಿಗೆ ಇದನ್ನು ವಿವರಿಸುವುದು ಸುಲಭವಾಯಿತು. ಮಲ್ಲಿಗೆ ನೋಡು ಎಂದೆ. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುರೆಯ ಹಾಗೆ ಕಿಲೋ ಲೆಕ್ಕವಲ್ಲ, ಎಣಿಕೆ. ಕಟ್ಟೆಯಲ್ಲಿ ಅಟ್ಟೆಗೆ ಇಷ್ಟು ಎಂದು ದರ ನಿಂತರೆ ಹತ್ತು ನಿಮಿಷದಲ್ಲಿ ಪಾಂಗಾಳ, ಬಂಟಕಲ್ಲು, ಶಿರ್ವದ ತನಕ ಸುದ್ದಿ ಮುಟ್ಟುತ್ತದೆ. ಮದುವೆಯ ದಿನಗಳಲ್ಲಿ ಅಟ್ಟೆಗೆ 2,100 ರೂಪಾಯಿಗೆ ಏರಿದ್ದೂ ಇದೆ, ಕೇಳುವವರಿಲ್ಲದಾಗ ಕೆಲವೇ ನೂರಕ್ಕೆ ಇಳಿದದ್ದೂ ಇದೆ. ಏರಲಿ ಇಳಿಯಲಿ, ಆ ದರ ಅಕ್ಕನಿಗೆ ಗೊತ್ತು. ಹೂವು ಕಟ್ಟುತ್ತಾ ಕೂತಲ್ಲಿಗೇ ಗೊತ್ತು. ಕಾರಿಗೆ ಹೋಗುವ ನಾರಿನ ಇವತ್ತಿನ ದರ ಎಷ್ಟು ಎಂದು ಈ ಬಣ್ಣದ ಕಾಗದದವರಲ್ಲಿ ಕೇಳು ಎಂದೆ. ಕೇಳಿದ. ಉತ್ತರ ಬರಲಿಲ್ಲ. "ಮೊದಲು ಯಂತ್ರ ಹಾಕಿ, ಮಾಲು ನಾವೇ ಕೊಳ್ತೇವೆ" ಎಂದರಂತೆ. ವೆನಿಲ್ಲಾದ ಕಾಲದಲ್ಲಿ ಬಳ್ಳಿಯ ತುಂಡು ಮಾರಿದವರ ಬಾಯಲ್ಲೂ ನಾವು ಕೇಳಿದ ಮಾತು ಇದು. ಹಸಿ ಕೋಡು ಕಿಲೋಗೆ ಮೂರು ಸಾವಿರ ದಾಟಿದ್ದಾಗ ಅಂಗಳದ ತುಳಸಿಕಟ್ಟೆಯ ಪಕ್ಕದಲ್ಲೂ ಗ್ಲಿರಿಸಿಡಿಯಾ ಗೂಟ ನೆಟ್ಟವರು ನಾವು!

ಇನ್ನು ಪರೀಕ್ಷೆಗಳು. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಕೈಯಿಡಲಿಕ್ಕಾಗದಷ್ಟು ಕಾವು. ಆ ಕಾವಿಗೆ ಒಳಗಿನ ವಸ್ತುಗಳಿಂದ ಆವಿ ಎದ್ದು ಎದುರಿನ ಗಾಜಿಗೆ ಮಂಜಿನ ಹಾಗೆ ಅಂಟುತ್ತದೆ. ಎಷ್ಟು ಅಂಟುತ್ತದೆ ಎಂದು ಅಳೆಯುತ್ತಾರೆ. ವಾಸನೆಗೂ ಅಂಕ ಉಂಟು. ಜರ್ಮನಿಯ ಕ್ರಮದಲ್ಲಿ ತುಂಡನ್ನು ಮುಚ್ಚಿದ ಪಾತ್ರೆಯಲ್ಲಿ ಬಿಸಿ ಮಾಡಿ, ನಾಲ್ಕಾರು ಜನ ಮೂಸಿ, ಒಂದರಿಂದ ಆರರ ತನಕ ಅಂಕ ಕೊಡುತ್ತಾರೆ. ಒಂದು ಎಂದರೆ ವಾಸನೆಯೇ ಇಲ್ಲ, ಆರು ಎಂದರೆ ತಡೆಯಲಾಗದು. ನೀರಿನ ಹೊಂಡದಲ್ಲಿ ಕೊಳೆಯಿಸಿದ ಸಿಪ್ಪೆಯ ನಾರು ಅಲ್ಲಿ ಎಷ್ಟು ಅಂಕ ತಗೊಂಡೀತು ಎಂದು ನಿಮಗೇ ಗೊತ್ತು. ಬೆಂಕಿಯದ್ದು ಮತ್ತೊಂದು. ಅಮೆರಿಕದ ನಿಯಮದ ಪ್ರಕಾರ ಕಾರಿನ ಒಳಗಿನ ಯಾವ ವಸ್ತುವಿಗೂ ಬೆಂಕಿ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹಬ್ಬಬಾರದು. ನಮ್ಮ ದೇಶದಲ್ಲೂ ಇದಕ್ಕೆ ಬೇರೆ ಮಾನಕ ಇದೆ. ಒಣ ನಾರು ಎಂದರೆ ನಮ್ಮ ಬಚ್ಚಲೊಲೆಗೆ ಕಿಡಿ ಹಚ್ಚುವ ವಸ್ತು. ಮದ್ದು ಹಾಕಿ ಬೆಂಕಿ ತಡೆಯಬಹುದು, ಅದಕ್ಕೂ ಖರ್ಚು.

ಇಷ್ಟೆಲ್ಲ ಪಾಸಾದರೂ ಕಾರು ರಸ್ತೆಗೆ ಬರುವುದಕ್ಕೆ ಎರಡು ಮೂರು ವರ್ಷ ಮೊದಲೇ ಯಾವ ಭಾಗ ಯಾರಿಂದ ಎಂದು ನಿಗದಿಯಾಗಿ ಹೋಗಿರುತ್ತದೆ. ಬ್ಯಾಂಕಿನ ಕಂತು ಅಷ್ಟು ದಿನ ಕಾಯುವುದಿಲ್ಲ.

ಹಾಗಾದರೆ ಸುದ್ದಿಯೆಲ್ಲ ಸುಳ್ಳೇ?

ಅಲ್ಲ. ಇಲ್ಲಿಯೇ ಜಾಗ್ರತೆ ಬೇಕಾದ್ದು. ಸಸ್ಯದ ನಾರು ಕಾರಿನೊಳಗೆ ಹೋಗಿರುವುದು ನಿಜ. ಮರ್ಸಿಡಿಸ್‌ನವರು 1996ರಲ್ಲೇ ತಮ್ಮ ಇ-ಕ್ಲಾಸ್ ಕಾರಿನ ಬಾಗಿಲಿನ ಹೊದಿಕೆಗೆ ಸೆಣಬು ಬಳಸಿದ್ದರು. 2013ರಲ್ಲಿ ಬಂದ ಬಿ.ಎಂ.ಡಬ್ಲ್ಯು. ಕಂಪೆನಿಯ ಐ3 ಎಂಬ ವಿದ್ಯುತ್ ಕಾರಿನ ಒಳಗೆ ಕೆನಾಫ್ ಎಂಬ ನಾರು ಕಣ್ಣಿಗೆ ಕಾಣುವ ಹಾಗೇ ಇತ್ತು. ಕೆನಾಫ್ ಎಂದರೆ ಏನೆಂದು ಹುಡುಕಿದರೆ ನಗು ಬಂತು. ಅದು ಉತ್ತರ ಕರ್ನಾಟಕದವರು ಪಲ್ಯ ಮಾಡುವ ಪುಂಡಿ! (ನಮ್ಮ ಕರಾವಳಿಯ ಅಕ್ಕಿಯ ಪುಂಡಿ ಅಲ್ಲ ಮತ್ತೆ.) ಅಲ್ಲಿನವರು ಹಿಂದಿನಿಂದಲೂ ಅದರ ದಂಟಿನ ನಾರು ತೆಗೆದು ಹಗ್ಗ ಹೊಸೆದವರು. ಅಮೆರಿಕದ ಫೋರ್ಡ್ 2008ರ ಮಾದರಿಯ ಮಸ್ಟಾಂಗ್ ಕಾರಿನ ಸೀಟಿನ ಫೋಮಿಗೆ ಸೋಯಾ ಎಣ್ಣೆ ಸೇರಿಸಿತು, ಮುಂದೆ ಉತ್ತರ ಅಮೆರಿಕದ ತನ್ನ ಎಲ್ಲ ಕಾರಿಗೂ ಅದನ್ನು ವಿಸ್ತರಿಸಿತು.

ಆದರೆ ಒಂದು ಸೂಕ್ಷ್ಮ ನೋಡಿ. ಬಾಗಿಲಿನ ಹೊದಿಕೆಗೆ ಬೇಕಾದದ್ದು ಸಪೂರದ, ಎಳೆದರೆ ಹಿಗ್ಗದ ನಾರು. ಸೆಣಬು, ಪುಂಡಿ, ಅಗಸೆಯದ್ದು ಅಂಥದು. ಅದನ್ನು ಪ್ಲಾಸ್ಟಿಕ್ ಎಳೆಯ ಜೊತೆ ಸುಮಾರು ಅರ್ಧಕ್ಕರ್ಧ ಬೆರೆಸಿ ಫೆಲ್ಟು ಮಾಡಿ, ಬಿಸಿಯಲ್ಲಿ ಒತ್ತಿದರೆ ಗಟ್ಟಿ ಹಲಗೆಯಾಗುತ್ತದೆ. ತೆಂಗಿನ ನಾರು ದಪ್ಪ, ಒರಟು, ಎಳೆದರೆ ಹಿಗ್ಗುವ ಜಾತಿ. ಅದರ ಜಾಗ ಮೆತ್ತೆಯಲ್ಲಿ. ಆ ಜಾಗದಲ್ಲಿ ಫೋಮು ಕೂತಿದೆ. ಅಂದರೆ ಪತ್ರಿಕೆಯಲ್ಲಿ "ಕಾರಿಗೆ ಸಸ್ಯದ ನಾರು" ಎಂದು ಓದಿದಾಗ ಅದು ನಮ್ಮ ನಾರು ಎಂದು ಹಿಗ್ಗಬೇಕಾಗಿಲ್ಲ. ಅಡಿಕೆ ಸಿಪ್ಪೆಯ ನಾರಂತೂ ಇನ್ನೂ ಗಿಡ್ಡ. ಕಾಲೇಜುಗಳಲ್ಲಿ ಅದರಿಂದ ಹಲಗೆ ಮಾಡಿ ಮುರಿದು ನೋಡುವ ಪ್ರಯೋಗ ಬೇಕಾದಷ್ಟು ನಡೆದಿದೆ. ಪ್ರಯೋಗಶಾಲೆಯ ತುಂಡು ಬೇರೆ, ಮಾರುವ ಮಾಲು ಬೇರೆ.

ತೆಂಗಿನ ನಾರೇ ಕಾರಿಗೆ ಹೋದ ಉದಾಹರಣೆ ಒಂದಿದೆ. ಅದು ಬ್ರೆಜಿಲಿನದ್ದು. ಅಮೆಜಾನ್ ನದಿಯ ಮುಖದಲ್ಲಿರುವ ಬೆಲೆಂ ಊರಿನ ವಿಶ್ವವಿದ್ಯಾಲಯದವರು ಮತ್ತು ಮರ್ಸಿಡಿಸ್‌ನ ಮಾತೃಸಂಸ್ಥೆ ಸೇರಿ 1990ರ ದಶಕದ ಮೊದಲಿಗೆ ಕೆಲಸ ಶುರುಮಾಡಿದರು. ಹಳ್ಳಿಯವರು ಸಿಪ್ಪೆ ಬಿಡಿಸುವುದು, ರಬ್ಬರು ಹಾಲು ಸೇರಿಸಿ ತಲೆಯಾನಿಕೆ, ಸೀಟಿನ ಮೆತ್ತೆ ಮಾಡುವುದು. 2001ರಲ್ಲಿ ಬೆಲೆಂ ಹತ್ತಿರ ಕಾರ್ಖಾನೆಯೇ ಎದ್ದಿತು. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಯಂತ್ರವಲ್ಲ, ಕ್ರಮ. ಮೊದಲು ಕೊಳ್ಳುವವನು ಬಂದ. ಅವನೇ ಹಣ ಹಾಕಿದ, ಅವನೇ ಪರೀಕ್ಷೆ ಮಾಡಿದ. ಕಾರ್ಖಾನೆ ಬಂದದ್ದು ಆಮೇಲೆ, ಅದೂ ಸುಮಾರು ಹತ್ತು ವರ್ಷ ಕಳೆದು. ನಮ್ಮ ಹುಡುಗನಿಗೆ ಹೇಳಿಕೊಟ್ಟದ್ದು ಇದರ ತಲೆಕೆಳಗು.

ಪ್ರದರ್ಶನದ ಕಾರುಗಳನ್ನಂತೂ ನಂಬಲೇಬಾರದು. 2022ರ ಜನವರಿಯಲ್ಲಿ ಮರ್ಸಿಡಿಸ್ ತೋರಿಸಿದ ವಿಷನ್ ಇ.ಕ್ಯು.ಎಕ್ಸ್.ಎಕ್ಸ್. ಎಂಬ ಕಾರಿನಲ್ಲಿ ಅಣಬೆಯ ಬೇರಿನಿಂದ ಮಾಡಿದ ತೊಗಲು, ಪಾಪಾಸುಕಳ್ಳಿಯ ತೊಗಲು, ಬಿದಿರ ನಾರಿನ ನೆಲಹಾಸು ಎಲ್ಲ ಇತ್ತು. ಮರುವರ್ಷ, 2023ರಲ್ಲಿ, ಆ ಅಣಬೆ ತೊಗಲು ಮಾಡುತ್ತಿದ್ದ ಅಮೆರಿಕದ ಕಂಪೆನಿ ಹಣ ಸಾಲದೆ ತಯಾರಿಯನ್ನೇ ನಿಲ್ಲಿಸಿತು. ಕಾರಿನ ಚಿತ್ರ ಮಾತ್ರ ಈಗಲೂ ಎಲ್ಲರ ಬಣ್ಣದ ಕಾಗದದಲ್ಲಿ ಓಡುತ್ತಿದೆ.

ಇನ್ನು "ಪರಿಸರದ ಕಾನೂನು ಬರುತ್ತಿದೆ" ಎಂಬ ಮಾತು. ಐರೋಪ್ಯ ಒಕ್ಕೂಟ 2023ರ ಜುಲೈಯಲ್ಲಿ ಹೊಸ ಕಾರಿನ ಪ್ಲಾಸ್ಟಿಕ್ಕಿನಲ್ಲಿ 25 ಶೇಕಡಾ ಮರುಬಳಕೆಯದ್ದಿರಬೇಕು ಎಂಬ ಕರಡು ಮುಂದಿಟ್ಟದ್ದು ಹೌದು. ಆದರೆ ಮರುಬಳಕೆ ಎಂದರೆ ತೋಟದ ಮಾಲಲ್ಲ, ಹಳೇ ಪ್ಲಾಸ್ಟಿಕ್. ಕಾರಿನ ನೆಲಹಾಸಿಗೆ ನೀರಿನ ಬಾಟಲಿ ಕರಗಿಸಿ ತೆಗೆದ ಎಳೆ, ಸದ್ದು ತಡೆಯುವ ಫೆಲ್ಟಿಗೆ ಹಳೇ ಬಟ್ಟೆಯ ಚಿಂದಿ ಈಗಾಗಲೇ ಹೋಗುತ್ತಿದೆ. ನಮ್ಮ ನಾರಿಗೆ ಎದುರಾಳಿ ಗುಜರಿ ಅಂಗಡಿಯವ!

ಒಂದು ಲೆಕ್ಕ ಮಾಡಿ ನೋಡುವ

ಒಂದು ರಾತ್ರಿ ಅಕ್ಕನ ಮನೆಯ ಜಗಲಿಯಲ್ಲಿ ಕೂತು ನಾವಿಬ್ಬರೂ ಲೆಕ್ಕ ಹಾಕಿದೆವು. ಕನಸಿನ ಲೆಕ್ಕವೇ ಆಗಲಿ. ಭಾರತದಲ್ಲಿ ಮಾರಾಟವಾಗುವ ಅಷ್ಟೂ ಕಾರಿಗೆ, ಒಂದೊಂದಕ್ಕೆ 5 ಕಿಲೋ ತೆಂಗಿನ ನಾರು ಹೋಗುತ್ತದೆ ಎಂದು ಇಟ್ಟುಕೊಳ್ಳುವ. ಸಾವಿರ ಸಿಪ್ಪೆಯಿಂದ 80–90 ಕಿಲೋ ನಾರು ಸಿಗುತ್ತದೆ. 43 ಲಕ್ಷ ಕಾರಿಗೆ ಎರಡು ಕೋಟಿ 15 ಲಕ್ಷ ಕಿಲೋ ನಾರು. ಅದಕ್ಕೆ ಬೇಕಾಗುವ ಸಿಪ್ಪೆ ಸುಮಾರು 25 ಕೋಟಿ.

ಹುಡುಗನ ಕಣ್ಣು ಅರಳಿತು. 25 ಕೋಟಿ!

ನಮ್ಮ ರಾಜ್ಯವೊಂದರಲ್ಲೇ ವರ್ಷಕ್ಕೆ ಬೆಳೆಯುವ ತೆಂಗಿನಕಾಯಿ 500 ಕೋಟಿಗಿಂತ ಹೆಚ್ಚು ಎಂದೆ. ಅಂದರೆ ದೇಶದ ಪ್ರತಿಯೊಂದು ಕಾರೂ ನಾರಿನ ಮೇಲೆ ಓಡಿದರೂ ಕರ್ನಾಟಕದ ಸಿಪ್ಪೆಯ ಇಪ್ಪತ್ತರಲ್ಲಿ ಒಂದು ಪಾಲು ಸಾಕು. ಕೇರಳ, ತಮಿಳುನಾಡಿನವರ ಸಿಪ್ಪೆಗೆ ಸರದಿಯೇ ಬರುವುದಿಲ್ಲ. ಸಿಪ್ಪೆಯ ದರ ಏರಿಸುವ ಶಕ್ತಿ ಕಾರಿಗೆ ಇಲ್ಲ. ಇದು ಪೆನ್ಸಿಲಿನಲ್ಲಿ ಬರೆದು ನೋಡುವ ತನಕ ನನಗೂ ಹೊಳೆದಿರಲಿಲ್ಲ.

ಮತ್ತೆ ಅವನ ಘಟಕದ ಲೆಕ್ಕ. ದಿನಕ್ಕೆ ಹತ್ತು ಸಾವಿರ ಸಿಪ್ಪೆ, ವರ್ಷಕ್ಕೆ 250 ದಿನ ಎಂದರೆ 25 ಲಕ್ಷ ಸಿಪ್ಪೆ ಬೇಕು. ಎಕರೆಗೆ 70 ಮರ, ಮರಕ್ಕೆ 90 ಕಾಯಿ ಎಂದರೂ ಸುಮಾರು 400 ಎಕರೆ ತೋಟದ್ದು. ಶಂಕರಪುರ, ಇನ್ನಂಜೆ, ಕುರ್ಕಾಲು ಸುತ್ತ ಮನೆಗೆ ಹತ್ತು ಮರ, ಇಪ್ಪತ್ತು ಮರ. ಆ ಸಿಪ್ಪೆಯ ಅರ್ಧ ಬಚ್ಚಲೊಲೆಗೆ, ಉಳಿದದ್ದು ಬುಡಕ್ಕೆ. ಮನೆ ಮನೆ ತಿರುಗಿ ಒಟ್ಟುಮಾಡಿದರೆ ಟೆಂಪೊದಲ್ಲಿ ಬರುವುದು ಮುಕ್ಕಾಲು ಪಾಲು ಗಾಳಿ. ನಾಲ್ಕು ತಿಂಗಳ ನಮ್ಮ ಮಳೆಯಲ್ಲಿ ನಾರು ಒಣಗಿಸುವುದು ಎಲ್ಲಿ? ತಿಪಟೂರು, ಅರಸೀಕೆರೆ ಕಡೆ ಕೊಬ್ಬರಿ ಸುಲಿಯುವಲ್ಲೇ ಸಿಪ್ಪೆಯ ಗುಡ್ಡೆ ಬೀಳುತ್ತದೆ, ಬಿಸಿಲೂ ಧಾರಾಳ. ನಾರಿನ ಘಟಕ ಅಲ್ಲಿನವರಿಗೆ ಹೇಳಿದ್ದು.

ನಾರಿಗೆ ಮಾರುಕಟ್ಟೆಯೇ ಇಲ್ಲ ಎಂದು ಯಾರೂ ತಿಳಿಯಬಾರದು. 2020–21ರಲ್ಲಿ ನಮ್ಮ ದೇಶದ ತೆಂಗಿನ ನಾರು ಉತ್ಪನ್ನಗಳ ರಫ್ತು 3,778 ಕೋಟಿ ರೂಪಾಯಿ ದಾಟಿತ್ತು. ಆದರೆ ಅದರಲ್ಲಿ ಸುಮಾರು ಅರ್ಧ ಯಾವುದು ಗೊತ್ತೇ? ನಾರಲ್ಲ, ನಾರು ಬಿಡಿಸುವಾಗ ಉದುರುವ ಹುಡಿ. ಕೋಕೋಪಿಟ್ ಎಂದು ನರ್ಸರಿಯವರು ಕೊಳ್ಳುವುದು ಅದನ್ನೇ. ಒಂದು ಕಾಲದಲ್ಲಿ ಘಟಕದವರು ರಸ್ತೆ ಬದಿಗೆ ಸುರಿದು ಬೈಗುಳ ತಿನ್ನುತ್ತಿದ್ದ ಕಸ. ಬರಿಯ ನಾರನ್ನು ಬಹುಪಾಲು ಕೊಳ್ಳುವುದು ಚೀನಾ, ಹಾಸಿಗೆಗೆಂದು. ಒಬ್ಬನೇ ಗಿರಾಕಿ, ಅವನು ಮುಖ ತಿರುಗಿಸಿದ ವರ್ಷ ನಾರಿನವರಿಗೆ ಕಷ್ಟ.

ಕಾರಿನ ಒಳಗೆ ನಮಗೆ ಕಾಣುವ ಸಣ್ಣ ಜಾಗಗಳು

ಕಾರ್ಖಾನೆಯ ಬಾಗಿಲು ಬಿಟ್ಟು ಹಿಂಬಾಗಿಲಿನಿಂದ ನೋಡಿದರೆ ಸ್ವಲ್ಪ ಬೆಳಕು ಕಾಣುತ್ತದೆ. ಕುಶನ್ ಅಂಗಡಿಗಳು, ಬಸ್ಸಿನ ಬಾಡಿ ಕಟ್ಟುವವರು, ಹಳೇ ಜೀಪು ರಿಪೇರಿ ಮಾಡಿಸುವ ಶೋಕಿಯವರು, ಇವರಿಗೆಲ್ಲ ವಾಸನೆಯ ಅಂಕ ಬೇಡ. ಬೆನ್ನು ನೋವಿಗೆ ಗಾಳಿಯಾಡುವ ಮೆತ್ತೆ, ಕಾಲ ಕೆಳಗೆ ಹಾಸುವ ನಾರಿನ ಚಾಪೆ, ಇವನ್ನು ಗಿರಾಕಿ ತಾನೇ ಕೊಂಡು ಹಾಕಿಕೊಳ್ಳುತ್ತಾನೆ. ಸಣ್ಣ ವ್ಯಾಪಾರ, ಆದರೆ ಕೈಗೆ ಹಣ. ಹೊಲಿಗೆ ಬಲ್ಲ ಹೆಣ್ಣುಮಕ್ಕಳಿರುವ ಮನೆಗೆ ಆಗಬಹುದಾದದ್ದು. ಇಂಥದ್ದಕ್ಕೆ ಮನಸ್ಸಿದ್ದವರು ಮೊದಲು ನಾರು ಮಂಡಳಿಯವರ ತರಬೇತಿಗೆ ಹೋಗಿ ಬರುವುದು ಒಳ್ಳೆಯದು. ಬೆಂಗಳೂರಿನ ಪೀಣ್ಯದಲ್ಲಿ ಅವರ ತಂತ್ರಜ್ಞಾನ ಸಂಸ್ಥೆ ಇದೆ, ಆಲಪ್ಪುಳ ಹತ್ತಿರದ ಕಲವೂರಿನಲ್ಲಿ ಸಂಶೋಧನಾ ಕೇಂದ್ರ.

ಅಂದ ಹಾಗೆ, ಕಾರಿನ ಒಳಗೆ ಶಂಕರಪುರದ ಮಾಲು ಈಗಾಗಲೇ ಇದೆ, ನಾವು ಲೆಕ್ಕಕ್ಕೆ ಹಿಡಿದಿಲ್ಲ ಅಷ್ಟೆ. ಬೆಳಿಗ್ಗೆ ಉಡುಪಿಯ ಟ್ಯಾಕ್ಸಿ ನಿಲ್ದಾಣದಲ್ಲಿ ನಿಂತು ನೋಡಿ. ಎದುರಿನ ಗಾಜಿನ ಹಿಂದೆ ದೇವರ ಪಟಕ್ಕೆ ಒಂದು ತುಂಡು ಮಲ್ಲಿಗೆ. ಬಾಳೆ ನಾರಿನಲ್ಲಿ ಕಟ್ಟಿದ್ದು. ಪರೀಕ್ಷೆಯಿಲ್ಲ, ಮಧ್ಯದಲ್ಲಿ ನಾಲ್ಕು ಮೆಟ್ಟಿಲಿಲ್ಲ, ಮಾರನೇ ದಿನ ಪುನಃ ಹೊಸತು ಬೇಕು. ಇದನ್ನು ಮೀರಿಸುವ ಒಳಾಂಗಣದ ವ್ಯಾಪಾರ ಯಾವ ಕಂಪೆನಿಗೆ ಉಂಟು? ಅದರ ಪಕ್ಕದಲ್ಲೇ ನೇತಾಡುವ "ಜಾಸ್ಮಿನ್" ಎಂಬ ಪರಿಮಳದ ಡಬ್ಬಿಯಲ್ಲಿ ಮಾತ್ರ ಹೂವಿನ ಸುಳಿವಿಲ್ಲ, ಬಹುತೇಕ ಎಲ್ಲ ರಾಸಾಯನಿಕ. ಮಲ್ಲಿಗೆಯಿಂದಲೇ ಅತ್ತರು ತೆಗೆಯೋಣವೇ ಎಂದು ಅಕ್ಕನ ಮಗ ಕೇಳಿದ. ಸಾವಿರ ಕಿಲೋ ಹೂವಿಗೆ ಒಂದೂವರೆ ಕಿಲೋದ ಆಸುಪಾಸು ಮೇಣದಂಥ ಸಾರ ಸಿಗುತ್ತದೆ. ಕಿಲೋ ಲೆಕ್ಕದ ಅಗ್ಗದ ಹೂವಿನವರಿಗೆ ಅದು. ಮೊಗ್ಗು ಎಣಿಸಿ ಮಾರುವವರು ಅತ್ತ ಹೋಗಬಾರದು.

ಆಮೇಲೆ ಏನಾಯಿತು

ಸಾಲದ ಕಾಗದ ಅವನು ಹಿಂದೆ ತಂದ. ಸುಲಭದಲ್ಲಿ ಅಲ್ಲ. ಯಂತ್ರದವರಿಗೆ ಕೊಟ್ಟ ಮುಂಗಡ ಇಪ್ಪತ್ತೈದು ಸಾವಿರ ಮರಳಿ ಬರಲಿಲ್ಲ. ಎರಡು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಿಯೂ ಇರಲಿಲ್ಲ. "ನೀವು ಹಳಬರು ಎಲ್ಲದಕ್ಕೂ ಬೇಡ ಎನ್ನುವವರು" ಎಂದು ಅಮ್ಮನಲ್ಲಿ ಹೇಳಿದನಂತೆ. ಇರಬಹುದು. ನಾಳೆ ಯಾವುದೋ ಕಂಪೆನಿ ನಿಜವಾಗಿ ಬೆಲೆಂನವರ ಹಾಗೆ ನಮ್ಮಲ್ಲಿಗೆ ಬಂದರೆ ನಾನೇ ಮೊದಲು ಅವನಿಗೆ ಫೋನು ಮಾಡುತ್ತೇನೆ.

ಈಗ ಅವನು ಹಿಡಿದಿರುವುದು ಬೇರೆ ದಾರಿ. ಈಚೆಗೆ ಶಂಕರಪುರದ ಮಲ್ಲಿಗೆ ನೆಲ ಬಿಟ್ಟು ತಾರಸಿಗೂ ಏರಿದೆ. ಉಡುಪಿ, ಮಂಗಳೂರಿನ ಪೇಟೆಯವರು ಚಟ್ಟಿಯಲ್ಲಿ ನೆಡುತ್ತಿದ್ದಾರೆ. ತಾರಸಿಗೆ ಮಣ್ಣು ಹೊರುವುದು ಕಷ್ಟ, ಭಾರವೂ ಹೌದು. ಅವರಿಗೆ ಹಗುರದ ಮಿಶ್ರಣ ಬೇಕು. ಹುಡುಗ ಸಿಪ್ಪೆಯನ್ನು ಸಣ್ಣ ಸಣ್ಣ ಚೂರು ಮಾಡುವ ಚಿಕ್ಕ ಯಂತ್ರವೊಂದನ್ನು ತನ್ನ ಉಳಿತಾಯದಲ್ಲೇ ತಂದಿದ್ದಾನೆ. ನಾರು, ಹುಡಿ ಬೇರೆ ಮಾಡುವ ರಗಳೆಯಿಲ್ಲ. ಮನೆಯ ಮತ್ತು ಮೂರು ನೆರೆಮನೆಯ ಸಿಪ್ಪೆ ಸಾಕಾಗುತ್ತದೆ.

ಇದರಲ್ಲೂ ಒಂದು ತೊಡಕು ಇದೆ, ಮಾಡುವವರು ಗಮನಿಸಬೇಕು. ಕರಾವಳಿಯ ಸಿಪ್ಪೆಯಲ್ಲಿ ಉಪ್ಪಿನಂಶ ಜಾಸ್ತಿ. ಹಾಗೇ ಚಟ್ಟಿಗೆ ಹಾಕಿದರೆ ಎಲೆಯಂಚು ಸುಡುತ್ತದೆ. ಮೊದಲ ಸಲ ಅವನಿಗೆ ಆರು ಗಿಡ ಹೀಗೇ ಹೋಯಿತು. ಈಗ ಚೂರನ್ನು ತೊಟ್ಟಿಯಲ್ಲಿ ನೆನೆಹಾಕಿ ಮೂರು ಸಲ ನೀರು ಬದಲಿಸುತ್ತಾನೆ. ಉಪ್ಪು ಅಳೆಯುವ ಪೆನ್ನಿನಂಥ ಮೀಟರು ಇದೆ, ಅದರ ಇ.ಸಿ. ಅಂಕ ಒಂದಕ್ಕಿಂತ ಕೆಳಗೆ ಬರುವ ತನಕ ಬಿಡುವುದಿಲ್ಲ. ತೊಳೆದ ಕಂದು ನೀರನ್ನು ಬಾವಿಯ ಹತ್ತಿರ ಬಿಡಬಾರದು. ಅವನು ದೂರದ ತೆಂಗಿನ ಬುಡಕ್ಕೆ ಹಾಯಿಸುತ್ತಾನೆ.

ಅವನ ಸಿಪ್ಪೆ ಚೂರಿಗೆ ದರ ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ. ಗಿರಾಕಿಗಳು ಇನ್ನೂ ಹದಿನೈದೇ ಮಂದಿ. ತೊಳೆದ ಮೊದಲ ಗೋಣಿಯನ್ನು ಅಕ್ಕ ತನ್ನ ಅಂಗಳದ ಹನ್ನೆರಡು ಚಟ್ಟಿಗೆ ಹಾಕಿಸಿಕೊಂಡಿದ್ದಾಳೆ. ಗಿಡ ಚಿಗುರಿದೆ. ಮೊಗ್ಗು ಎಣಿಸಿದ ಮೇಲೆ ಪುನಃ ಬರೆಯುತ್ತೇನೆ.